ಭಾಭಾ ಚದುರುವಿಕೆ: ಕೋನ ಹಿಡಿಯಲೇ, ಎಸ್-ಟಿ-ಯು ಹಿಡಿಯಲೇ?

ಎಂಎಸ್ಸಿ ಎರಡನೇ ವರ್ಷ: ಮುಂದಿನ ತಿಂಗಳು ಪರೀಕ್ಷೆ. ಎಲೆಕ್ಟ್ರಾನ್–ಪಾಸಿಟ್ರಾನ್ ಚದುರುವಿಕೆಯನ್ನು (ಅದೇ ಭಾಭಾ ಚದುರುವಿಕೆ) ದ್ರವ್ಯರಾಶಿ ಕೇಂದ್ರದ ಚೌಕಟ್ಟಿನಲ್ಲಿ (ಒಟ್ಟು ಸಂವೇಗ ಸೊನ್ನೆಯಾಗುವಲ್ಲಿ) ಕೋನಗಳಿಟ್ಟು ಮಾಡಲೇ, ಮೊದಲಿನಿಂದಲೇ ಮ್ಯಾಂಡಲ್‌ಸ್ಟಮ್ ಚರಗಳಲ್ಲಿ (ಯಾವ ಚೌಕಟ್ಟಿನಲ್ಲೂ ಬದಲಾಗದ ಎಸ್, ಟಿ, ಯು) ಮಾಡಲೇ? ಅನುಭವಸ್ಥರು ತಿಳಿಸಿ.

ಮೈಸೂರಿನವಳು: ಚರಗಳನ್ನು ಹಿಡಿದೇ ನಾನು ಕೆಟ್ಟದ್ದು. ದೇಶ-ಕಾಲದ ವರ್ಗ ತೆಗೆಯುವಾಗ ತರಗತಿಯ ಟಿಪ್ಪಣಿಯಲ್ಲಿ ಕಾಲದ ಭಾಗಕ್ಕೆ ಪ್ಲಸ್, ಗ್ರಂಥಾಲಯದ ಪುಸ್ತಕದಲ್ಲಿ ಕಾಲಕ್ಕೆ ಮೈನಸ್. ಎರಡನ್ನೂ ಬೆರೆಸಿ ಹನ್ನೊಂದು ದಿನ ಕಳೆದೆ, 200 ಪುಟದ ನೋಟ್‌ಬುಕ್ ರದ್ದಿಗೆ ಹೋಯಿತು. ಎಸ್ ಎಂದರೆ ದ್ರವ್ಯರಾಶಿ ಕೇಂದ್ರದ ಚೌಕಟ್ಟಿನ ಒಟ್ಟು ಶಕ್ತಿಯ ವರ್ಗ; ಅದು ಋಣವಾಗಿ ಬಂದಾಗಲೇ ಎಚ್ಚರಾಗಬೇಕಿತ್ತು. ಆಗಲಿಲ್ಲ, ಜ್ವರವೂ ಇತ್ತು.

ಹಳೆಯ ಪದ್ಧತಿಯವನು: ಅದಕ್ಕೇ ನಾನು ಚೌಕಟ್ಟು ಬಿಟ್ಟವನಲ್ಲ. 1955ರಲ್ಲಿ ಬರ್ಕ್ಲಿಯಲ್ಲಿ ಆಂಟಿಪ್ರೋಟಾನ್ (ಪ್ರೋಟಾನಿನ ಪ್ರತಿಕಣ) ಸಿಕ್ಕಿತಲ್ಲ, ನಿಂತ ಪ್ರೋಟಾನಿಗೆ ಇನ್ನೊಂದು ಪ್ರೋಟಾನ್ ಹೊಡೆದು ಅದನ್ನು ಹುಟ್ಟಿಸಲು ಬೇಕಾದ ಕನಿಷ್ಠ ಶಕ್ತಿಯನ್ನು ಲೊರೆಂಟ್ಜ್ ಪರಿವರ್ತನೆಯಿಂದಲೇ (ಚೌಕಟ್ಟು ಬದಲಿಸುವ ಸೂತ್ರ) ತೆಗೆದೆ. ಮೂರು ಪುಟ ಹಿಡಿಯಿತು. ಚಲನಶಕ್ತಿ ಪ್ರೋಟಾನ್ ರಾಶಿಯ ಆರು ಪಟ್ಟು, ಸುಮಾರು 5.6 ಜಿಇವಿ (ಒಂದು ಜಿಇವಿ ಎಂದರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್).

ಧಾರವಾಡದವನು: ಮೂರು ಪುಟವೇ! ದ್ರವ್ಯರಾಶಿ ಕೇಂದ್ರದ ಚೌಕಟ್ಟಿನಲ್ಲಿ ಕೊನೆಗೆ ನಾಲ್ಕು ಕಣಗಳು (ಮೂರು ಪ್ರೋಟಾನ್, ಒಂದು ಆಂಟಿಪ್ರೋಟಾನ್) ಒಟ್ಟಿಗೆ ನಿಂತಿವೆ, ಆದ್ದರಿಂದ ಎಸ್ ಎಂದರೆ ರಾಶಿಯ ವರ್ಗದ 16 ಪಟ್ಟು. ಒಂದೇ ಸಾಲು. ನನ್ನ ಗಾಯ ಬೇರೆಯದು: ಭಾಭಾ ಲೆಕ್ಕದಲ್ಲಿ ಎಸ್ ಚಾನೆಲ್ (ಜೋಡಿ ಅಳಿದು ಮತ್ತೆ ಹುಟ್ಟುವುದು) ಮತ್ತು ಟಿ ಚಾನೆಲ್ (ಫೋಟಾನ್ ವಿನಿಮಯ) ಚಿತ್ರಗಳ ನಡುವಿನ ಮೈನಸ್ ಮರೆತೆ. ಎರಡೂ ಚಿತ್ರ ಬೆರೆತು ಬರುವ ವ್ಯತಿಕರಣದ ಪದದ ಚಿಹ್ನೆ ತಿರುಗಿತು. ರಾಶಿಯನ್ನು ಕೈಬಿಟ್ಟು 90 ಡಿಗ್ರಿಯಲ್ಲಿ ಸೂತ್ರದ ಆವರಣದೊಳಗೆ 4.5 ಬರಬೇಕು, ನನಗೆ 6.5 ಬಂತು. ಹದಿನೈದು ಅಂಕದ ಪ್ರಶ್ನೆಗೆ ನಾಲ್ಕು ಕೊಟ್ಟರು. ಆ ನಾಲ್ಕೂ ಚಿತ್ರ ಬರೆದದ್ದಕ್ಕೆ.

ಹಳೆಯ ಪದ್ಧತಿಯವನು: ಒಂದೇ ಸಾಲಿನವರನ್ನು ಮೌಖಿಕ ಪರೀಕ್ಷೆಯಲ್ಲಿ ನೋಡಿದ್ದೇನೆ. ಮಿಕ್ಕ ಶಕ್ತಿ ಎಲ್ಲಿ ಹೋಯಿತು ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ನಾಲ್ಕು ಅಂಕ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಧಾರವಾಡದವನು: ವೈಯಕ್ತಿಕವಾಗಿ ಮಾತನಾಡಬೇಡಿ. ಮಿಕ್ಕದ್ದು ನಾಲ್ಕೂ ಕಣಗಳು ಒಟ್ಟಿಗೆ ಮುಂದಕ್ಕೆ ಓಡುವುದಕ್ಕೆ ಹೋಯಿತು. ಅಷ್ಟೂ ಗೊತ್ತಿಲ್ಲದೆ ಬರೆದೆ ಎಂದುಕೊಂಡಿರಾ?

ಬೆಂಗಳೂರಿನ ಅಭಿಮಾನಿ: ಜಗಳವಾಡುವ ಮೊದಲು ಒಂದು ನೆನಪಿರಲಿ, ಭಾಭಾ ಈ ಲೆಕ್ಕ ಮಾಡಿದ್ದು ನಮ್ಮ ಊರಿನಲ್ಲಿ.

ಮೈಸೂರಿನವಳು: ಅಲ್ಲ. ಆ ಪ್ರಬಂಧ 1936ರಲ್ಲೇ ಪ್ರಕಟವಾಗಿತ್ತು, ಆಗ ಅವರು ಕೇಂಬ್ರಿಡ್ಜ್‌ನಲ್ಲಿದ್ದರು. ಬೆಂಗಳೂರಿಗೆ ಬಂದದ್ದು ಯುದ್ಧ ಶುರುವಾದ ಮೇಲೆ.

ಬೆಂಗಳೂರಿನ ಅಭಿಮಾನಿ: ಚಿಹ್ನೆ ಬೆರೆಸಿದವರು ಇಸವಿ ಬೆರೆಸಿಲ್ಲ ಎಂದು ಹೇಗೆ ನಂಬುವುದು?

ಮೈಸೂರಿನವಳು: ನೋಟ್‌ಬುಕ್ ನನ್ನದು, ಹಾಳು ಮಾಡಿಕೊಂಡವಳೂ ನಾನೇ. ಇಸವಿ ನನ್ನದಲ್ಲ, ಪ್ರಬಂಧದ ಮೊದಲ ಪುಟದ್ದು. ತೆರೆದು ನೋಡಿ.

ಎಂಎಸ್ಸಿ ಎರಡನೇ ವರ್ಷ: ಆ 4.5 ಬಂದದ್ದು ಹೇಗೆ ಎಂದು ಯಾರಾದರೂ ಬಿಡಿಸುವಿರಾ?

ಧಾರವಾಡದವನು: ಟಿ, ಯು ಎರಡೂ ಎಸ್‌ನ ಅರ್ಧ, ಋಣ ಚಿಹ್ನೆಯೊಂದಿಗೆ. ಎಸ್ ಚಾನೆಲ್ ಪದ ಅರ್ಧ, ವ್ಯತಿಕರಣಕ್ಕೆ ಕಳೆ ಒಂದು, ಟಿ ಚಾನೆಲ್ ಪದಕ್ಕೆ ಕೂಡು ಐದು. ನಾನು ಆ ಒಂದನ್ನು ಕಳೆಯುವ ಬದಲು ಕೂಡಿದ್ದೆ.