ಆಲ್ಗಾಂಕಿಯನ್ ಜನರು ಅಲೆಮಾರಿಗಳೇ, ಬೇಸಾಯಗಾರರೇ?

ಶ್ರೀನಿವಾಸಪುರದ ಶಿಕ್ಷಕಿ:
ನಮಸ್ಕಾರ. ತರಗತಿಯಲ್ಲಿ ಉತ್ತರ ಅಮೆರಿಕದ ಆಲ್ಗಾಂಕಿಯನ್ ಜನರನ್ನು ಬೇಟೆಯಾಡುವ ಅಲೆಮಾರಿಗಳೆಂದು ಪರಿಚಯಿಸಿದೆ. ಆದರೆ ನಾನು ತೋರಿಸಿದ ಚಿತ್ರದಲ್ಲಿ ಅವರ ಮುಸುಕಿನ ಜೋಳದ ಹೊಲವಿತ್ತು. ಅಲೆಮಾರಿಗಳು ಹೊಲ ಕಾಯುವುದು ಹೇಗೆಂದು ಒಬ್ಬ ಹುಡುಗಿ ಕೇಳಿದಳು. ಬಲ್ಲವರು ದಯವಿಟ್ಟು ತಿಳಿಸಬೇಕು.

ಪಾವಗಡದ ಓದುಗ:
ಮೇಡಂ, ಆಲ್ಗಾಂಕಿಯನ್ ಎಂಬುದು ಒಂದು ಬುಡಕಟ್ಟಿನ ಹೆಸರಲ್ಲ, ದ್ರಾವಿಡ ಎಂಬಂತೆ ಒಂದು ಭಾಷಾಕುಟುಂಬದ ಹೆಸರು. ಬೇಸಿಗೆ ತೀರ ಚಿಕ್ಕದಾದ ಉತ್ತರದಲ್ಲಿ ಜೋಳ ಕೈಗೆ ಹತ್ತುವುದಿಲ್ಲವಾದ್ದರಿಂದ ಅಲ್ಲಿನ ಕ್ರೀ ಜನರು ಬೇಟೆಯನ್ನೂ ಮೀನನ್ನೂ ನಂಬಿದ್ದರು. ಅಟ್ಲಾಂಟಿಕ್ ತೀರದ ವಾಂಪನೋಗರು ಜೋಳ ಬಿತ್ತಿದರು. ಇನ್ನು ಅಲೆದಾಟವೂ ಗೊತ್ತುಗುರಿಯಿಲ್ಲದ್ದಲ್ಲ. ನಮ್ಮ ಕಡೆ ಕುರಿಹಿಂಡಿನೊಡನೆ ತಿಂಗಳುಗಟ್ಟಲೆ ಹೊರಗಿರುವವರಿಗೂ ಊರಿನಲ್ಲೊಂದು ಹಟ್ಟಿ ಇರುವಂತೆ, ಅವರಲ್ಲಿ ಅನೇಕರು ಚಳಿಗಾಲದಲ್ಲಿ ಸಣ್ಣ ಗುಂಪುಗಳಾಗಿ ಕಾಡಿಗೆ ಚದುರಿ, ಬೇಸಿಗೆಯಲ್ಲಿ ಪರಿಚಿತ ಹೊಳೆದಂಡೆಗೇ ಮರಳಿ ಒಟ್ಟುಗೂಡುತ್ತಿದ್ದರು. ಅವರ ‘ವಿಗ್ವಾಮ್’ ಮನೆಯೂ ಇದಕ್ಕೆ ಒಪ್ಪುವಂಥದ್ದು: ಹಸಿ ಗಳುಗಳನ್ನು ನೆಟ್ಟು, ಬಾಗಿಸಿ ಕಟ್ಟಿ, ಮೇಲೆ ತೊಗಟೆ, ಚಾಪೆ ಹೊದಿಸುವುದು, ಹೊರಡುವಾಗ ಚಾಪೆ ಸುತ್ತಿಕೊಂಡರಾಯಿತು.

ಶಿರಾದಿಂದ:
ಬಿತ್ತುವವರು, ಬೇಟೆಯವರು ಎಂದು ಎರಡೇ ಪಾಲು ಮಾಡುವುದಕ್ಕೆ ನನ್ನ ಆಕ್ಷೇಪವಿದೆ. ಆಲ್ಗಾಂಕಿಯನ್ ಜನರಲ್ಲೇ ಒಬ್ಬರಾದ ಒಜಿಬ್ವೆಯವರ ‘ಮನೂಮಿನ್’ ಎಂಬ ಕಾಡುಭತ್ತ ಕೆರೆಗಳಲ್ಲಿ ತಾನಾಗಿ ಬೆಳೆಯುತ್ತದೆ. ಒಬ್ಬರು ದೋಣಿಯನ್ನು ನೂಕುವಾಗ ಮತ್ತೊಬ್ಬರು ಒಂದು ಕೋಲಿನಿಂದ ತೆನೆಯನ್ನು ಬಾಗಿಸಿ, ಇನ್ನೊಂದರಿಂದ ಬಡಿದು ಕಾಳನ್ನು ದೋಣಿಯೊಳಕ್ಕೆ ಉದುರಿಸುತ್ತಾರೆ; ನೀರಿಗೆ ಬಿದ್ದದ್ದೇ ಮುಂದಿನ ವರ್ಷದ ಬಿತ್ತನೆ. ಬಳಿಕ ಹುರಿದು, ತೊಗಲಿನ ಮೆತ್ತನೆಯ ಪಾದರಕ್ಷೆ ತೊಟ್ಟು ತುಳಿದು, ಭೂರ್ಜದ ತೊಗಟೆಯ ಮೊರದಲ್ಲಿ ಕೇರುತ್ತಾರೆ. ಇದನ್ನು ಬೇಸಾಯವೆನ್ನಬೇಕೇ, ಬೇಡವೇ?

ಮಾಲೂರಿನ ಕೃಷಿಕ:
ಬಿತ್ತದಿದ್ದರೂ ಸುಗ್ಗಿಯಂತೂ ಹೌದು. ಹುಡುಗಿಯ ಪ್ರಶ್ನೆಗೆ ಬರೋಣ. ನಾವು ರಾಗಿಯ ನಡುವೆ ಅವರೆಯನ್ನು ಅಕ್ಕಡಿ ಸಾಲಾಗಿ ಹಾಕುತ್ತೇವೆ. ಜೋಳ ಬಿತ್ತುವ ಆಲ್ಗಾಂಕಿಯನ್ ಜನರು ಸಾಲು ಹಿಡಿಯದೆ, ಮಣ್ಣಿನ ಒಂದೇ ಗುಡ್ಡೆಯಲ್ಲಿ ಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಬೆಳೆಯುತ್ತಿದ್ದರು: ದಂಟಿಗೆ ಹುರುಳಿಬಳ್ಳಿ ಹಬ್ಬಿದರೆ, ಕುಂಬಳದ ಅಗಲವಾದ ಎಲೆ ಕಳೆಯನ್ನು ಅಡಗಿಸಿ ನೆಲದ ತೇವವನ್ನು ಉಳಿಸುತ್ತದೆ. ಕಾವಲಿನ ವಿಷಯವನ್ನು ಅದೇ ಭಾಷಾಕುಟುಂಬದ ನ್ಯಾರಗ್ಯಾನ್ಸೆಟ್ ಜನರ ನಡುವೆ ಓಡಾಡಿದ್ದ ಇಂಗ್ಲಿಷ್ ಪಾದ್ರಿ ರೋಜರ್ ವಿಲಿಯಮ್ಸ್ 1643ರಲ್ಲೇ ಬರೆದಿದ್ದಾನೆ. ಹೊಲದ ನಡುವೆ ಸಣ್ಣ ಕಾವಲುಮನೆ ಕಟ್ಟಿ, ಅದರಲ್ಲಿ ದೊಡ್ಡವರೋ ಬೆಳೆದ ಮಕ್ಕಳೋ ತಂಗಿ, ಬೆಳಗಿನ ಜಾವ ಹಕ್ಕಿಗಳನ್ನು ಓಡಿಸುತ್ತಿದ್ದರಂತೆ.

ಶ್ರೀನಿವಾಸಪುರದ ಶಿಕ್ಷಕಿ:
ಎಲ್ಲರಿಗೂ ಧನ್ಯವಾದ. ನಾಳೆ ಮೊದಲು ಕಾವಲುಮನೆಯ ಸಂಗತಿಯನ್ನೇ ಹೇಳುತ್ತೇನೆ. ಜೋಳ ತೆನೆಗಟ್ಟಿದಾಗ ಆ ಹುಡುಗಿಯೂ ಗಿಳಿ ಓಡಿಸಿಯೇ ಶಾಲೆಗೆ ಬರುವವಳು.