ಸಹಾಯ ಬೇಕು: ಕೇಳಲು ಸಂಕೋಚಪಡುವ ಮನೆಗಳನ್ನು ಶಾಲೆಯ ಮೂಲಕ ತಲುಪೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಷ್ಟದಲ್ಲಿರುವ ಮಕ್ಕಳ ಮನೆಗಳಿಗೆ ಸದ್ದಿಲ್ಲದೆ ನೆರವಾಗಬೇಕು ಅಂತ ನಾವು ನಾಲ್ಕೈದು ಪೋಷಕರು ಹೊರಟಿದ್ದೇವೆ. ತೊಂದರೆ ಮೊದಲು ಗೊತ್ತಾಗೋದು ಕ್ಲಾಸ್ ಟೀಚರಿಗೇ: ಮಗು ಪದೇ ಪದೇ ರಜೆ ಹಾಕುತ್ತೆ, ಶೂ ಬಿಗಿಯಾಗಿರುತ್ತೆ, ಪ್ರವಾಸದ ಚೀಟಿ ಸಹಿಯಾಗದೆ ಬ್ಯಾಗಲ್ಲೇ ಉಳಿದಿರುತ್ತೆ. ವಿಚಾರಿಸಿದರೆ ಮನೆಯವರು "ಏನೂ ಬೇಡ ಮೇಡಂ" ಅಂತಾರೆ.

ಹಿಂದೊಮ್ಮೆ ಎಲ್ಲರೆದುರು ಬ್ಯಾಗ್ ಹಂಚಿ ಫೋಟೋ ತೆಗೆದೆವು. ಮಾರನೇ ದಿನ ಒಬ್ಬ ಹುಡುಗಿ ಶಾಲೆಗೇ ಬರಲಿಲ್ಲ. (ತಪ್ಪು ನಮ್ಮದೇ, ಬಿಡಿ.) ಈ ಸಲ ಹೆಸರುಗಳು ಟೀಚರ್ ಹತ್ತಿರವೇ ಇರಲಿ, ನಮಗೆ ಅಳತೆ, ತರಗತಿ ತಿಳಿದರೆ ಸಾಕು ಅಂದುಕೊಂಡಿದ್ದೇವೆ.

ಹೀಗೆ ನಡೆಸಿದವರು ಇದ್ದೀರಾ? ಬಾಯಿಬಿಟ್ಟು ಕೇಳದವರಿಗೆ ಹೇಗೆ ತಲುಪಿಸಿದಿರಿ? ಹಣದ ಲೆಕ್ಕ ಶಾಲೆ ಇಡಬೇಕಾ, ಪೋಷಕರಾ? ಅನುಭವ ಇದ್ದವರು ದಯವಿಟ್ಟು ಹೇಳಿ.