ಶಾಲೆಯಲ್ಲಿ ಮೊಂತಿ ಫೆಸ್ತ್: 450 ಮಕ್ಕಳು, ಒಂದೇ ಸಭಾಂಗಣ, ಮೇಲಿಂದ ಮಳೆ

ಹೆಂಚಿನಮಾಡು (ಪ್ರಶ್ನೆ)

ಉಡುಪಿ ಕಡೆಯ ಅನುದಾನಿತ ಕಥೋಲಿಕ ಹಿರಿಯ ಪ್ರಾಥಮಿಕ ಶಾಲೆ. 1ರಿಂದ 7ರವರೆಗೆ 450 ಮಕ್ಕಳು, ಅದರಲ್ಲಿ ಕಥೋಲಿಕರು ಸುಮಾರು 70. ಮೊಂತಿ ಫೆಸ್ತ್, ಅಂದರೆ ಮರಿಯಮ್ಮನ ಜನ್ಮದಿನದ ತೆನೆ ಹಬ್ಬ, ಸೆಪ್ಟೆಂಬರ್ 8ಕ್ಕೆ. ಅಂದು ರಜೆ, ಹಾಗಾಗಿ 7ರಂದೇ ಮಾಡುವುದೆಂದು ತೀರ್ಮಾನ. ಬಲಿಪೂಜೆ (ಮಾಸ್) ಇಡುವುದೋ, ಪ್ರಾರ್ಥನಾಕೂಟ ಸಾಕೋ? ತೆನೆ ಎಲ್ಲರಿಗೂ ಹಂಚಬಹುದೇ? ಹೌಸ್‌ಗಳ (ಶಾಲೆಯ ಮಕ್ಕಳ ತಂಡಗಳ) ನಡುವೆ ಹೂವಿನ ಅಲಂಕಾರದ ಸ್ಪರ್ಧೆ ಇಟ್ಟರೆ ಮಕ್ಕಳಿಗೆ ಹುರುಪು ಬರುತ್ತದೆ ಅಂತ ಪಿ.ಟಿ. ಮಾಸ್ತರರು ಹೇಳುತ್ತಿದ್ದಾರೆ. ಕಬ್ಬು, ಪಾಯಸದ ಲೆಕ್ಕ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಬಲಿಪೀಠ

ಟೀಚರ್, 7ರಂದು ಬಲಿಪೂಜೆ ಬೇಡ. ಆ 70 ಮಕ್ಕಳು ಮರುದಿನ ಮನೆಯವರ ಜೊತೆ ಇಗರ್ಜಿಗೆ (ಚರ್ಚಿಗೆ) ಹೋಗಿಯೇ ಹೋಗುತ್ತಾರೆ. ಶಾಲೆಯಲ್ಲೂ ಪೂಜೆ ಇಟ್ಟರೆ ಕಥೋಲಿಕರಿಗೆ ಮಾತ್ರ ಕೊಡುವ ಪರಮಪ್ರಸಾದದ (ಪವಿತ್ರ ರೊಟ್ಟಿಯ) ಹೊತ್ತಿಗೆ ಸಾಲು ಒಡೆಯುತ್ತದೆ. ಮುಂದಿನವನು ಎದ್ದನೆಂದು ಹಿಂದಿನವನೂ ಎದ್ದು ಬರುತ್ತಾನೆ, ಟೀಚರು ಓಡಿ ಹೋಗಿ ತಡೆಯಬೇಕು. ಮಗುವಿಗೂ ಅವಮಾನ, ಪೂಜೆ ನಡೆಸುವ ಗುರುಗಳಿಗೂ ಇಕ್ಕಟ್ಟು. ಪ್ರಾರ್ಥನಾಕೂಟದಲ್ಲಿ ಈ ತಾಪತ್ರಯ ಇಲ್ಲ.

ಅದಕ್ಕೂ ಪೋಷಕರ ಒಪ್ಪಿಗೆ ಬೇಕು. ಸಂವಿಧಾನದ 28(3)ನೇ ವಿಧಿ ಸ್ಪಷ್ಟವಾಗಿದೆ: ಅನುದಾನಿತ ಅಥವಾ ಸರಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಅಪ್ರಾಪ್ತ ಮಗು ಧಾರ್ಮಿಕ ಆರಾಧನೆಯಲ್ಲಿ ಪಾಲ್ಗೊಳ್ಳಲು ಪೋಷಕರ ಸಮ್ಮತಿ ಇರಬೇಕು. ಒಂದು ವಾರ ಮೊದಲೇ ಡೈರಿಯಲ್ಲಿ ಎರಡು ಸಾಲು ಬರೆಸಿ ಸಹಿ ತರಿಸಿಕೊಳ್ಳಿ. ಸಹಿ ಬಾರದ ಮಕ್ಕಳನ್ನು ತರಗತಿಯಲ್ಲಿ ಸುಮ್ಮನೆ ಕೂರಿಸಬೇಡಿ, ಅದು ಶಿಕ್ಷೆಯ ಹಾಗೆ ಕಾಣುತ್ತದೆ. ಕೆಳಗೆ ಯಾರಾದರೂ ತೆನೆ, ಅಡುಗೆಯ ಬಗ್ಗೆ ಬರೆದಾರು. ಆ ಕೆಲಸಗಳಿಗೆ ಸಹಿ ಬಾರದ ಈ ಮಕ್ಕಳೇ ಮುಂದಾಳುಗಳಾಗಲಿ.

ಕೂಟ 25 ನಿಮಿಷ ಮೀರಬಾರದು. ಹಬ್ಬದ ಶುಭಸಂದೇಶ (ಅಂದು ಓದುವ ಬೈಬಲ್ ಪಾಠ) ಮತ್ತಾಯ 1:1–16, 18–23, ಅಂದರೆ ಯೇಸುವಿನ ವಂಶಾವಳಿ. ಅಷ್ಟೂ ಹೆಸರು ಓದಿದರೆ ಎರಡನೇ ತರಗತಿ ಸಾಲಿನಲ್ಲಿ ಗುಸುಗುಸು ಶುರುವಾಗುತ್ತದೆ. 18–23ರ ಚಿಕ್ಕ ರೂಪಕ್ಕೆ ಪೂಜಾವಿಧಿಯಲ್ಲೇ ಅವಕಾಶವಿದೆ, ಅದನ್ನೇ ಆರಿಸಿ. ಓದುವ ಹುಡುಗ ಅಥವಾ ಹುಡುಗಿಗೆ ಮೂರು ದಿನ ಮೊದಲೇ ಹಾಳೆ ಕೊಟ್ಟು, ಮೈಕ್ ಮುಂದೆಯೇ ಅಭ್ಯಾಸ ಮಾಡಿಸಿ.

ಮಕ್ಕಳು ಜೋಡಿಯಾಗಿ ಬಂದು ಮರಿಯಮ್ಮನ ಪ್ರತಿಮೆಗೆ ಹೂ ಹಾಕುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಲ್ಲರೂ ಲೆಕ್ಕ ತಪ್ಪುತ್ತಾರೆ. ಜೋಡಿಗೆ 3 ಸೆಕೆಂಡ್ ಅಂದರೂ 225 ಜೋಡಿಗೆ 11 ನಿಮಿಷ ದಾಟುತ್ತದೆ. ಎರಡು ಚರಣದ ಹಾಡು ಮುಗಿದು ಸಭಾಂಗಣ ಸದ್ದಿಲ್ಲದೆ ನಿಂತುಬಿಡುತ್ತದೆ. ಬಾಲೆ ಮರಿಯಮ್ಮನ ಪ್ರತಿಮೆಯ ಎರಡೂ ಬದಿಯಲ್ಲಿ ಬುಟ್ಟಿ ಇಟ್ಟು ನಾಲ್ಕು ಸಾಲು ಮಾಡಿ, ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ.

ಗದ್ದೆಬದು

ಹೂವನ್ನು ಮೊದಲ ಪೀರಿಯಡ್‌ನಲ್ಲೇ ಮುಗಿಸಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ತಂದ ಒದ್ದೆ ಹೂ ಮಧ್ಯಾಹ್ನದೊಳಗೆ ಲೋಳೆಯಾಗುತ್ತದೆ. ಬಾಳೆಲೆ ತುಂಡಿನಲ್ಲಿ ಕಟ್ಟಿ ತರಲು ಹೇಳಿ. ಕೇಪಳ, ಗೌರಿ ಹೂ, ಅಬ್ಬಲಿಗೆ ಒಳ್ಳೆಯವು. ಕೆಂಪು ದಾಸವಾಳ ಬೇಡ, ತುಳಿದರೆ ನೆಲಕ್ಕೆ ಕಲೆ, ಗ್ರಾನೈಟ್ ಮೇಲೆ ಜಾರುವುದು ಬೇರೆ. ಪ್ರತಿಮೆಯ ಮುಂದೆ ಗೋಣಿ ಹಾಸಿ.

ತೆನೆಯನ್ನು ಶಾಲೆ ಹಂಚಬಾರದು ಎನ್ನುವುದು ನನ್ನ ಅಭಿಪ್ರಾಯ. ಆಶೀರ್ವದಿಸಿದ ತೆನೆ ಧರ್ಮಕೇಂದ್ರದಿಂದ, ಅಂದರೆ ಊರಿನ ಇಗರ್ಜಿಯಿಂದ, ಕುಟುಂಬಕ್ಕೆ ಹೋಗುವಂಥದ್ದು. ಮನೆಯ ಹಿರಿಯರು ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಕೊಡಬೇಕು. ಶಾಲೆಯಲ್ಲೂ ಒಂದು, ಇಗರ್ಜಿಯಲ್ಲೂ ಒಂದು ಅಂದರೆ ಅದರ ತೂಕ ಹೋಗುತ್ತದೆ. ಇನ್ನೊಂದು, ಕೈಗೆ ಸಿಕ್ಕಿದ ತೆನೆಯನ್ನು ಸಣ್ಣ ಮಕ್ಕಳು ಬಾಯಿಗೆ ಹಾಕುತ್ತಾರೆ, ಹೊಟ್ಟಿನ ಮುಳ್ಳು ಗಂಟಲಿಗೆ ಸಿಕ್ಕರೆ ಆ ದಿನ ಆಸ್ಪತ್ರೆಯೇ ಗತಿ.

ಬದಲಿಗೆ ಪ್ರತಿಮೆಯ ಬಳಿ ಒಂದು ಕಟ್ಟು, ತರಗತಿಗೆ ನಾಲ್ಕೈದು ತೆನೆ ಸಾಕು. ಏಣೇಲು (ಮಳೆಗಾಲದ ಮೊದಲ ಭತ್ತದ) ಬೆಳೆ ಕೊಯ್ಲಿಗೆ ಬರುವುದು ಅಕ್ಟೋಬರಿನಲ್ಲಿ, ಸೆಪ್ಟೆಂಬರ್ ಮೊದಲ ವಾರ ಹೆಚ್ಚಿನ ಗದ್ದೆಗಳಲ್ಲಿ ಕಾಳು ಇನ್ನೂ ಹಾಲು. ಬೇಗ ನಾಟಿ ಮಾಡಿದ ಗದ್ದೆಯವರನ್ನು ಆಗಸ್ಟಿನಲ್ಲೇ ಕೇಳಿಡಿ. ತುಳುವರ ಮನೆಯ ಮಕ್ಕಳಿಗೆ ತೆನೆ ಕಟ್ಟುವುದು, ಪುದ್ವಾರ್ (ಹೊಸ ಅಕ್ಕಿಯ) ಊಟ ಗೊತ್ತೇ ಇರುತ್ತದೆ. ಅದನ್ನು ಅವರಿಂದಲೇ ಹೇಳಿಸಿ. ಮಂಗಳೂರು ಬಳಿಯ ಫರಂಗಿಪೇಟೆಯ ಮೊಂತಿ ಮರಿಯಾನೊ ಇಗರ್ಜಿಯಲ್ಲಿ ಫಾದರ್ ಜೋಕಿಂ ಮಿರಾಂದ 1763ರಲ್ಲಿ ಈ ಹಬ್ಬ ಶುರು ಮಾಡಿದರು ಎಂಬುದನ್ನು ಐದು ನಿಮಿಷದಲ್ಲಿ ಹೇಳಿದರೆ ಸಾಕು, ಭಾಷಣ ಬೇಡ.

ದೊಡ್ಡಸೌಟು

ಪಾಯಸ, ಅಂದರೆ ನಮ್ಮ ಕೊಂಕಣಿಯ ವೊರ್ನ್: ಮಗುವಿಗೆ 100 ಮಿ.ಲೀ. ಹಿಡಿದರೆ 45 ಲೀಟರ್. ಕಡ್ಲೆಬೇಳೆ 6 ಕಿಲೋ, ಬೆಲ್ಲ 9 ಕಿಲೋ, ತೆಂಗಿನಕಾಯಿ 30, ನೆನೆಸಿ ರುಬ್ಬಿದ ಅಕ್ಕಿ 600 ಗ್ರಾಂ, ಏಲಕ್ಕಿ 50 ಗ್ರಾಂ, ಉಪ್ಪು ಚೂರು. 30 ಲೀಟರಿನ ಎರಡು ಪಾತ್ರೆಯಲ್ಲಿ ಮಾಡಿ, ಒಂದೇ ದೊಡ್ಡದರಲ್ಲಿ ಅಡಿ ಹಿಡಿಯುತ್ತದೆ.

ಬೇಳೆ ಒಂದು ಗಂಟೆ ನೆನೆದಿರಲಿ. ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೆಂದ ಮೇಲೆಯೇ ಬೆಲ್ಲ. ಮೊದಲೇ ಹಾಕಿದರೆ ಬೇಳೆ ಎಷ್ಟು ಬೇಯಿಸಿದರೂ ಮೆತ್ತಗಾಗದು. ಬೆಲ್ಲವನ್ನು ನೀರಲ್ಲಿ ಕರಗಿಸಿ ಸೋಸಿಯೇ ಹಾಕಿ, ಕಲ್ಲು ಇದ್ದೇ ಇರುತ್ತದೆ. ಆಮೇಲೆ ಎರಡನೇ ಕಾಯಿಹಾಲು, ಅಕ್ಕಿ ಹಿಟ್ಟು. ದಪ್ಪ ಹಾಲು ಕೊನೆಗೆ, ಹಾಕಿದ ಮೇಲೆ ಕುದಿಸಬಾರದು, ಒಡೆಯುತ್ತದೆ.

ಕಬ್ಬು: 6 ಅಡಿಯದ್ದನ್ನು ಅರ್ಧ ಅಡಿಗೆ ಕಡಿದರೆ, ತುದಿ ಬುಡ ಬಿಟ್ಟು 10 ತುಂಡು. 45 ಸಾಕು, 50 ತನ್ನಿ. ಕೊನೆಯ ಬೆಲ್ಲಿಗೆ ಗೇಟಿನ ಬಳಿ ಕೈಗೆ ಕೊಡಿ. ತರಗತಿಯಲ್ಲಿ ಕೊಟ್ಟರೆ ಸಿಪ್ಪೆ, ಇರುವೆ ಮೂರು ದಿನ. ಒಂದು, ಎರಡನೇ ತರಗತಿಗೆ ಸಿಪ್ಪೆ ತೆಗೆದು ಕೊಡಿ, ಅಂಚು ತುಟಿ ಕೊಯ್ಯುತ್ತದೆ.

ಹೆಂಚಿನಮಾಡು

ಎಲ್ಲರಿಗೂ ಉಪಕಾರ. ಹೌಸ್ ಸ್ಪರ್ಧೆಯ ವಿಷಯ ಯಾರೂ ಹೇಳಲಿಲ್ಲವಲ್ಲ?

ಗದ್ದೆಬದು

ಹೂವಿನ ಸ್ಪರ್ಧೆ ಬೇಡ ಟೀಚರ್. ಇಟ್ಟ ಕೂಡಲೇ ಪೋಷಕರು ಅಂಗಡಿಯಿಂದ ಸೇವಂತಿಗೆ ಮಾರು ತರುತ್ತಾರೆ. ಹಾಡಿಯಿಂದ ಹಿಡಿ ಕೇಪಳ ಕಿತ್ತು ತಂದ ಮಗು ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತದೆ. ಹುರುಪು ಬೇಕಾದರೆ ಹೌಸಿಗೊಂದು ಕೆಲಸ ಹಂಚಿ: ಒಂದಕ್ಕೆ ಸಾಲು ನಡೆಸುವುದು, ಒಂದಕ್ಕೆ ಹಾಡು, ಒಂದಕ್ಕೆ ಬಡಿಸುವುದು, ಒಂದಕ್ಕೆ ಹೂ ಗುಡಿಸಿ ತೆಂಗಿನ ಬುಡಕ್ಕೆ ಹಾಕುವುದು. ಹಾಗೆಯೇ ಹೌಸಿಗೊಂದು ತರಕಾರಿ ಗೊತ್ತು ಮಾಡಿ: ಹೀರೆ, ಬೆಂಡೆ, ಅಂಬಟೆ, ಹರಿವೆ. ತಂದದ್ದನ್ನು ತೂಗಬೇಡಿ, ಅಂಕ ಕೊಡಬೇಡಿ, ಒಂದೇ ಬುಟ್ಟಿಗೆ ಸುರಿದು ಹತ್ತಿರದ ವೃದ್ಧಾಶ್ರಮಕ್ಕೆ ಅಂದೇ ಕಳಿಸಿ. ಹರಿವೆ ಮರುದಿನಕ್ಕೆ ಬಾಡುತ್ತದೆ.